ಚಿನ್ನ ಜಾಲಿಸುವವನು ಒಕ್ಕಲಾದ ಕಥೆ: ಹೊಸ ಬರಹಗಾರರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನೀವು ಕಳುಹಿಸಿದ ನಲವತ್ತೆರಡು ಪುಟಗಳ ನೀಳ್ಗತೆಯನ್ನು ಎರಡು ಬಾರಿ ಓದಿದ್ದೇನೆ. 1850ರಲ್ಲಿ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದ ತರುಣನೊಬ್ಬ ಹದಿಮೂರು ವರ್ಷ ಹಳ್ಳದಿಂದ ಹಳ್ಳಕ್ಕೆ ಅಲೆದು, 1863ರಲ್ಲಿ ಅಮೆರಿಕದ ಇಂದಿನ ಮೊಂಟಾನಾ ರಾಜ್ಯದ ಆಲ್ಡರ್ ಗಲ್ಚ್ ಎಂಬ ಹಳ್ಳ ಸೇರಿ, ಕೊನೆಗೆ ಗ್ಯಾಲಟಿನ್ ಕಣಿವೆಯಲ್ಲಿ ಗೋಧಿ ಬೆಳೆಯುವ ರೈತನಾಗಿ ನೆಲೆಸುತ್ತಾನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಕಾರಣ ಇಪ್ಪತ್ತೇಳನೆಯ ಪುಟದಲ್ಲಿದೆ: “ವರುಷಗಳು ಉರುಳಿದವು, ಅವನೀಗ ರೈತನಾಗಿದ್ದ.” ನೀವು ಬರೆಯಲು ಹೊರಟ ಕಥೆ ಆ ಎರಡು ಮಾತುಗಳ ನಡುವಿನ ಅಲ್ಪವಿರಾಮದಲ್ಲಿ ಹೂತುಹೋಗಿದೆ.

ಮೊದಲು ಭಾಷೆಯ ವಿಚಾರ. ನಾಯಕನನ್ನು ಪುಟಪುಟದಲ್ಲೂ ‘ಸ್ವರ್ಣಾನ್ವೇಷಕ’ ಎಂದು ಕರೆದಿದ್ದೀರಿ. ಮೊಣಕಾಲುದ್ದದ ತಣ್ಣೀರಿನಲ್ಲಿ ಬೆನ್ನು ಬಾಗಿಸಿ ಜಲ್ಲಿ ತೊಳೆಯುವವನಿಗೆ ಇದು ಜರಿಪೇಟ ಸುತ್ತಿದಂತಾಯಿತು. ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಕಲ್ಲು ಬೇರ್ಪಡಿಸುವುದಕ್ಕೆ ನಮ್ಮ ಅಡುಗೆಮನೆಗಳಲ್ಲಿ ‘ಜಾಲಿಸುವುದು’ ಎನ್ನುತ್ತಾರೆ; ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರಿಗೆ ‘ಜಲಗಾರರು’ ಎಂಬ ಹೆಸರೇ ಇತ್ತು. ಇಂಥ ಮಾತು ಕೈಯಲ್ಲಿದ್ದರೆ ಕೆಲಸದ ವಿವರವೂ ತಾನಾಗಿ ಒದಗುತ್ತದೆ. ಅಕ್ಕಿ ಜಾಲಿಸುವಾಗ ತಳದಲ್ಲಿ ನಿಂತದ್ದನ್ನು ನಾವು ಚೆಲ್ಲುತ್ತೇವೆ. ಇವನು ತಳದಲ್ಲಿ ನಿಲ್ಲುವ ಒಂದು ಚಿಟಿಕೆಗಾಗಿ ಮಿಕ್ಕದ್ದನ್ನೆಲ್ಲ ಚೆಲ್ಲುತ್ತಾನೆ, ಏಕೆಂದರೆ ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ, ಮರಳು ಮೂರು ಪಟ್ಟಿಗೂ ಕಡಿಮೆ. ಹಾಗೆಯೇ ‘ಹೋಂಸ್ಟೆಡರ್’ ಎಂಬುದಕ್ಕೆ ನೀವು ಟಂಕಿಸಿದ ‘ಗೃಹಭೂಸ್ಥಾಪಕ’ ಎಂಬ ಪದವನ್ನು ದಯವಿಟ್ಟು ಕೈಬಿಡಿ. ಒಂದು ನೆಲದಲ್ಲಿ ನೆಲೆ ನಿಂತು ಬೇಸಾಯ ಹೂಡುವುದಕ್ಕೆ ಕನ್ನಡದಲ್ಲಿ ‘ಒಕ್ಕಲಾಗುವುದು’ ಎಂಬ ಮಾತಿರುವಾಗ ಬೇರೆಯದು ಏಕೆ?

ಆರನೆಯ ಪುಟದಲ್ಲಿ ಅವನ ಕೈಗೆ ಮೇಣದಬತ್ತಿ ಕೊಟ್ಟು ಸಾವಿರ ಅಡಿ ಆಳದ ಗಣಿಗೆ ಇಳಿಸಿದ್ದೀರಿ. ಚಿನ್ನವೆಂದೊಡನೆ ನಮಗೆ ಕೋಲಾರ ನೆನಪಾಗುವುದು ಸಹಜ. ಆದರೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಹಿಂದೆ ಕಂಪನಿಯ ಬಂಡವಾಳವೂ ಯಂತ್ರಗಳೂ ಇದ್ದವು. 1863ರ ಮೇ 26ರಂದು ಬಿಲ್ ಫೇರ್‌ವೆದರ್ ಮತ್ತು ಅವನ ಸಂಗಡಿಗರಿಗೆ ಆಲ್ಡರ್ ಗಲ್ಚಿನಲ್ಲಿ ಸಿಕ್ಕದ್ದು ಹಳ್ಳದ ಜಲ್ಲಿಯಲ್ಲಿ ಬೆರೆತಿದ್ದ ಚಿನ್ನ. ಅದಕ್ಕೆ ಸಲಿಕೆ, ತಟ್ಟೆ, ಮತ್ತು ಅಡಿಕೆ ತೋಟದ ದಂಬೆಯನ್ನು ಹೋಲುವ, ತಳಕ್ಕೆ ಅಡ್ಡಪಟ್ಟಿ ಬಡಿದ ಮರದ ತೊಟ್ಟಿ ಸಾಕಾಗಿತ್ತು. ಬಡವನೂ ಅದೃಷ್ಟ ಪರೀಕ್ಷಿಸಬಹುದಾದ ಚಿನ್ನ ಅದು. ಆದ್ದರಿಂದಲೇ ಜನ ಅಲ್ಲಿಗೆ ಮುಗಿಬಿದ್ದರು.

ಹತ್ತೊಂಬತ್ತನೆಯ ಪುಟದಲ್ಲಿ ಅಂಗಡಿಯವನು ಚಿನ್ನದ ಪುಡಿ ತೂಗುವ ತಕ್ಕಡಿಯಲ್ಲೇ ಗೋಧಿ ಹಿಟ್ಟು ತೂಗುವ ಪ್ರಸಂಗವಿದೆ. ಇಡೀ ಬರಹದಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ, ಆದರೆ ನೀವು ಇದನ್ನು ತಮಾಷೆಯಾಗಿ ದಾಟಿಸಿಬಿಟ್ಟಿದ್ದೀರಿ. ಆಲ್ಡರ್ ಗಲ್ಚಿನ ಚಿನ್ನದವರ ಊರಾದ ವರ್ಜೀನಿಯಾ ಸಿಟಿಗೆ ಹಿಟ್ಟು ಬರುತ್ತಿದ್ದದ್ದು ಸುಮಾರು 650 ಕಿಲೋಮೀಟರ್ ದೂರದ ಸಾಲ್ಟ್ ಲೇಕ್ ಸಿಟಿಯ ಕಡೆಯಿಂದ, ಬಂಡಿಗಳ ಮೇಲೆ. 1865ರಲ್ಲಿ ಹಿಮ ಬಿದ್ದು ಕಣಿವೆದಾರಿ ಮುಚ್ಚಿದಾಗ ಮೂಟೆಯ ಬೆಲೆ ನೂರು ಡಾಲರಿನ ಸುತ್ತಮುತ್ತ ಏರಿತು. ಏಪ್ರಿಲ್‌ನಲ್ಲಿ ಬಂದೂಕು ಹಿಡಿದ ಗುಂಪುಗಳು ಮನೆಮನೆಯನ್ನು ಶೋಧಿಸಿ, ಬಚ್ಚಿಟ್ಟಿದ್ದ ಹಿಟ್ಟನ್ನು ಹೊರಗೆಳೆದವು. ಜೇಬಿನಲ್ಲಿ ಚಿನ್ನವಿದ್ದೂ ಹಸಿದು ಮಲಗಿದವನಿಗೆ, ಈ ಚಿನ್ನ ಕೊನೆಗೆ ಯಾರ ಕೈ ಸೇರುತ್ತಿದೆ ಎಂಬುದು ಹೊಳೆಯದೇ ಇದ್ದೀತೆ? ಗ್ಯಾಲಟಿನ್ ಕಣಿವೆಯ ಮೊದಲ ಹೊಲಗಳು ಎದ್ದದ್ದು ಗಣಿಯವರ ಹೊಟ್ಟೆ ತುಂಬಿಸುವ ಈ ವ್ಯಾಪಾರವನ್ನು ನಂಬಿಯೇ. ನಿಮ್ಮ ನಾಯಕ ರೈತನಾಗಲು ನೀವು ಕೊಟ್ಟ ಕಾರಣ, ಅಂದರೆ ಕನಸಿನಲ್ಲಿ ತಾಯಿ ಬಂದು ಕರೆದದ್ದು, ಇದರ ಮುಂದೆ ನಿಲ್ಲುವುದಿಲ್ಲ.

ಇನ್ನು ಕಾನೂನು. ನಿಮ್ಮ ಕಥೆಯಲ್ಲಿ 1865ರಲ್ಲಿ ಅವನು ನೆಲಕ್ಕೆ ಅರ್ಜಿ ಹಾಕಿದ ಮರುತಿಂಗಳೇ ಹಕ್ಕುಪತ್ರ ಕೈಗೆ ಬರುತ್ತದೆ. 1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಂಸ್ಟೆಡ್ ಕಾಯಿದೆ ಒಕ್ಕಲಾಗುವವನಿಗೆ 160 ಎಕರೆ ಸರ್ಕಾರಿ ನೆಲ ಕೊಡುತ್ತಿತ್ತು ನಿಜ, ಆದರೆ ಸರ್ಕಾರ ಅಳತೆ ಮಾಡಿದ ನೆಲದಲ್ಲಿ ಮಾತ್ರ. ಮೊಂಟಾನಾದಲ್ಲಿ ಅಳತೆ ಶುರುವಾದದ್ದು 1867ರಲ್ಲಿ. ಅಲ್ಲಿಯವರೆಗೆ ನಿಮ್ಮ ನಾಯಕ ಪತ್ರವಿಲ್ಲದೆ ಕೂತವನು, ಮತ್ತೊಬ್ಬ ಬಂದು ಎಬ್ಬಿಸಿಯಾನೆಂಬ ಭಯದಲ್ಲೇ ಬಿತ್ತಿದವನು. ಅರ್ಜಿ ಹಾಕಿದ ಮೇಲೂ ಐದು ವರ್ಷ ಅಲ್ಲೇ ವಾಸಿಸಿ, ಉತ್ತು, ಇಬ್ಬರು ಸಾಕ್ಷಿಗಳಿಂದ ಅದನ್ನು ಹೇಳಿಸಬೇಕಿತ್ತು. ಆರು ತಿಂಗಳಿಗಿಂತ ಹೆಚ್ಚು ಕಾಲ ಬಿಟ್ಟುಹೋದರೆ ನೆಲ ಸರ್ಕಾರಕ್ಕೆ ಮರಳುತ್ತಿತ್ತು. ಕಥೆಗಾರನಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕೆ? 1869ರ ಕೊನೆಯಲ್ಲಿ ಪಶ್ಚಿಮ ಮೊಂಟಾನಾದ ಸೀಡರ್ ಕ್ರೀಕಿನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಗೆ ಜನ ಚಳಿಗಾಲದಲ್ಲೇ ಎದ್ದು ಓಡಿದರು. ಹದಿಮೂರು ವರ್ಷ ಪ್ರತಿ ಸುದ್ದಿಗೂ ಎದ್ದು ಹೋದವನು ಆ ರಾತ್ರಿ, ಮಣ್ಣು ಹೊದಿಸಿದ ಮಾಡಿನ ಕೆಳಗೆ ಏನು ಮಾಡಿದ? ಹೋಗಿ, ಐದೂವರೆ ತಿಂಗಳಿಗೆ ಮರಳಿದನೋ? ಹೋಗದೆ ಉಳಿದು ಹೆಂಡತಿಯ ಮೇಲೆ ರೇಗಿದನೋ? ಆ ಒಂದು ರಾತ್ರಿಯನ್ನೇ ಹತ್ತು ಪುಟ ಬರೆಯಿರಿ.

ಮೂವತ್ತನೆಯ ಪುಟದಲ್ಲಿ ಅವನು ಮಳೆಗಾಗಿ ಆಕಾಶ ನೋಡುತ್ತ ಕೂರುತ್ತಾನೆ. ಅದು ನಮ್ಮ ಬಯಲುಸೀಮೆಯ ರೈತ, ಅವನಲ್ಲ. ಚಿನ್ನ ತೊಳೆಯುವ ತೊಟ್ಟಿಗೆ ನೀರು ಹಾಯಿಸಲು ಗುಡ್ಡದ ಮಗ್ಗುಲಿನಲ್ಲಿ ಇಳಿಜಾರು ತಪ್ಪದಂತೆ ಕಾಲುವೆ ತೋಡಿ ಪಳಗಿದ ಕೈ ಅದು. ಗೋಧಿಗೆ ನೀರು ಬೇಕಾದಾಗ ಆ ಕೈ ಸುಮ್ಮನಿರದು. ಮೊದಲು ನೀರು ತಿರುಗಿಸಿಕೊಂಡವನಿಗೆ ಮೊದಲ ಹಕ್ಕು ಎಂಬ ಅಮೆರಿಕದ ಪಶ್ಚಿಮ ಸೀಮೆಯ ನೀರಿನ ನಿಯಮ ಕೂಡ ಕ್ಯಾಲಿಫೋರ್ನಿಯಾದ ಚಿನ್ನದವರ ಕಟ್ಟಳೆಯಿಂದ ಬಂದದ್ದು. ಅಲೆದಾಟದ ದಿನಗಳಲ್ಲಿ ಕಲಿತದ್ದೇ ಅವನನ್ನು ಒಂದೆಡೆ ನಿಲ್ಲಿಸುತ್ತದೆ ಎಂಬುದನ್ನು ನೀವು ಎಲ್ಲಿಯೂ ಕಾಣಿಸಿಲ್ಲ.

“ಯಾರೂ ಕಾಲಿಡದ ಕನ್ಯೆನೆಲ” ಎಂಬ ವರ್ಣನೆಯನ್ನು ಹೊಡೆದುಹಾಕಿದ್ದೇನೆ. ಕ್ರೋ, ಬ್ಲ್ಯಾಕ್‌ಫೀಟ್, ಶೊಶೋನಿ ಎಂಬ ಮೂಲನಿವಾಸಿ ಜನರು ಬೇಟೆಗೆ ಓಡಾಡುತ್ತಿದ್ದ ಕಣಿವೆ ಅದು. 1867ರಲ್ಲಿ ಅಲ್ಲಿನ ಬೋಜ್ಮನ್ ಪಟ್ಟಣದ ಪಕ್ಕದಲ್ಲಿ ಫೋರ್ಟ್ ಎಲ್ಲಿಸ್ ಎಂಬ ಸೇನಾ ಠಾಣೆ ಕಟ್ಟಿದ್ದು ಯಾರೂ ಇಲ್ಲದ ನೆಲವನ್ನು ಕಾಯಲಿಕ್ಕಲ್ಲ. ನಾಯಕನನ್ನು ಖಳನಾಗಿಸಿರೆಂದು ನಾನು ಹೇಳುತ್ತಿಲ್ಲ. ಅವನ ಕಣ್ಣಿಗೆ ಬಿದ್ದವರನ್ನು ಕಥೆಯಿಂದ ಅಳಿಸಬೇಡಿ, ಅಷ್ಟೆ.

1866ರಲ್ಲಿ ಅವನು ಬೇಲಿಗೆ ಮುಳ್ಳುತಂತಿ ಎಳೆಯುತ್ತಾನೆ. ಗ್ಲಿಡನ್ ಎಂಬಾತನಿಗೆ ಅದರ ಪೇಟೆಂಟ್ ಸಿಕ್ಕದ್ದು 1874ರಲ್ಲಿ; ಮರದ ಬೇಲಿ ಹಾಕಿಸಿ. ಕೊನೆಯ ಪುಟದಲ್ಲಿ ಅವನದೇ ಹೊಲದಲ್ಲಿ ನೇಗಿಲಿಗೆ ಚಿನ್ನದ ಗಟ್ಟಿ ತಾಗುವುದನ್ನು ತೆಗೆದುಬಿಡಿ. ಬಿಟ್ಟುಬಂದದ್ದನ್ನು ನೀವೇ ಅವನ ಮಡಿಲಿಗೆ ಹಾಕಿದರೆ ಅವನು ಬಿಟ್ಟದ್ದಕ್ಕೆ ಬೆಲೆ ಎಲ್ಲಿ?

ತಿದ್ದುವಾಗ ಮೊದಲ ಪುಟದಿಂದ ಶುರು ಮಾಡಬೇಡಿ. 1865ರ ಹಿಟ್ಟಿನ ಗಲಭೆಯಿಂದ ಹಕ್ಕುಪತ್ರ ಕೈಸೇರುವವರೆಗಿನ ಭಾಗವನ್ನಷ್ಟೇ ಹೊಸದಾಗಿ ಬರೆದು ಕಳುಹಿಸಿ. ಹಳೆಯ ಇಪ್ಪತ್ತಾರು ಪುಟಗಳಲ್ಲಿ ಯಾವುದನ್ನು ಉಳಿಸಬೇಕೆಂಬುದನ್ನು ಅದು ಬಂದ ಮೇಲೆ ಒಟ್ಟಿಗೆ ಕೂತು ನೋಡೋಣ. ತಕ್ಕಡಿಯ ಪ್ರಸಂಗವಂತೂ ಉಳಿಯುತ್ತದೆ.

ಇಂತು,
ಸಂಪಾದಕ