ಮರಿ ಮನಿಪ್ಲಾಂಟ್ ಅಗಿದಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆಗೆ ಲ್ಯಾಬ್ರಡಾರ್ ಮರಿ ತಂದಿದ್ದೇವೆ. ಐದು ತಿಂಗಳು. ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಮೊನ್ನೆ ಮನಿಪ್ಲಾಂಟ್ ಎಲೆ ಅಗಿದು ಜೊಲ್ಲು ಸುರಿಸಿತು, ಮುಂಗಾಲಿನಿಂದ ಮೂತಿ ಉಜ್ಜಿಕೊಂಡಿತು. ಒಮ್ಮೆ ವಾಂತಿಯೂ ಆಯಿತು. ಅತ್ತೆ ಉಪ್ಪುನೀರು ಕುಡಿಸೋಣ ಎಂದರು, ನನಗೆ ಧೈರ್ಯ ಬರಲಿಲ್ಲ. ಸಂಜೆ ಹೊತ್ತಿಗೆ ತಾನಾಗಿಯೇ ಸರಿಹೋಯಿತು. ಬಾಲ್ಕನಿಯಲ್ಲಿ ಸಿಂಗೋನಿಯಂ, ಸ್ನೇಕ್ ಪ್ಲಾಂಟ್, ಲೋಳೆಸರ, ಅಡೇನಿಯಂ ಎಲ್ಲ ಇವೆ. ಎಲ್ಲವನ್ನೂ ಎಸೆಯಬೇಕಾ ಡಾಕ್ಟರೇ?
– ಓದುಗರೊಬ್ಬರು, ಮೈಸೂರು

ಉತ್ತರ: ಎಲ್ಲವನ್ನೂ ಬೇಡ. ಒಂದನ್ನು ಮಾತ್ರ ಮನೆಯಿಂದ ಸಾಗಹಾಕಿ. ಅದು ಮನಿಪ್ಲಾಂಟ್ ಅಲ್ಲ.

ಸರಿಯಾಗಿ ಬೇಯದ ಪತ್ರೊಡೆ ತಿಂದು ಯಾವತ್ತಾದರೂ ಗಂಟಲು ಕೆರೆದಿದೆಯಾ? ನಿಮ್ಮ ಮರಿಗೆ ಆಗಿದ್ದೂ ಅದೇ. ಮನಿಪ್ಲಾಂಟ್, ಸಿಂಗೋನಿಯಂ, ಡೈಫನ್‌ಬೇಕಿಯಾ, ಪೀಸ್ ಲಿಲ್ಲಿ ಇವೆಲ್ಲ ಕೆಸುವಿನ ಬಳಗದವು. ಇವುಗಳ ಎಲೆ, ದಂಟಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಕಣಗಳಿರುತ್ತವೆ. ಅಗಿದ ಕೂಡಲೇ ನಾಲಿಗೆ, ತುಟಿ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ನಾವು ಕೆಸುವಿಗೆ ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸುತ್ತೇವೆ. ಮರಿ ಪಾಪ, ಹಸಿಯಾಗಿಯೇ ರುಚಿ ನೋಡಿದೆ.

ಈ ಉರಿಯಿಂದ ಒಂದು ಉಪಕಾರವೂ ಇದೆ. ಮೊದಲ ತುತ್ತಿಗೇ ಬಾಯಿ ಉರಿಯುವುದರಿಂದ ನಾಯಿ ಜಾಸ್ತಿ ತಿನ್ನುವುದಿಲ್ಲ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಇನ್ನೊಮ್ಮೆ ಹೀಗಾದರೆ ಬಾಯಲ್ಲಿ ಉಳಿದ ಎಲೆ ತೆಗೆಯಿರಿ, ನೀರಿನಿಂದ ಬಾಯಿ ತೊಳೆಯಿರಿ, ಒಂದೆರಡು ಚಮಚ ಮೊಸರು ನೆಕ್ಕಿಸಿ. ಅಷ್ಟು ಸಾಕು. ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ತಿಂದ ಗಿಡದ ಒಂದು ತುಂಡು ಅಥವಾ ಫೋಟೋ ಜೊತೆಗಿರಲಿ. ‘ಏನೋ ಹಸಿರು ಎಲೆ ಡಾಕ್ಟ್ರೇ’ ಎಂದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಉಪ್ಪುನೀರು ಕುಡಿಸದೇ ಇದ್ದದ್ದು ಒಳ್ಳೆಯದಾಯಿತು. ವಾಂತಿ ಮಾಡಿಸಿದರೆ ಅದೇ ಸೂಜಿಗಳು ಗಂಟಲಲ್ಲಿ ಮತ್ತೊಮ್ಮೆ ಹಾಯುತ್ತವೆ. ಅದಲ್ಲದೆ ರಕ್ತದಲ್ಲಿ ಸೋಡಿಯಂ ಏರಿ ನಾಯಿಗೆ ಫಿಟ್ಸ್ ಬರಬಹುದು, ಜೀವಕ್ಕೇ ಸಂಚಕಾರ ಬರಬಹುದು. ಗಿಡಕ್ಕಿಂತ ಔಷಧಿಯೇ ಕೆಟ್ಟದ್ದಾಗುತ್ತದೆ. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ಹೇಳಿ.

ಸ್ನೇಕ್ ಪ್ಲಾಂಟ್ ಮತ್ತು ಲೋಳೆಸರದಿಂದ ವಾಂತಿ, ಭೇದಿ ಆಗಬಹುದು. ಲೋಳೆಸರದಲ್ಲಿ ತೊಂದರೆ ಕೊಡುವುದು ಸಿಪ್ಪೆಯ ಕೆಳಗಿನ ಹಳದಿ ರಸ. ಈ ಎರಡನ್ನೂ ಮೇಲೆತ್ತಿಡಿ.

ಸಾಗಹಾಕಬೇಕಾದದ್ದು ಅಡೇನಿಯಂ. ದಪ್ಪ ಬುಡ, ಗುಲಾಬಿ ಹೂವು, ನೋಡಲು ಚೆಂದ. ಆದರೆ ಅದು ಕಣಗಿಲೆಯ ಸಂಬಂಧಿ. ಎರಡರಲ್ಲೂ ಇರುವ ವಿಷ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಹಲ್ಲು ಬರುವ ಮರಿ ಇರುವ ಮನೆಯಲ್ಲಿ ಅದು ಬೇಡ. ಗಿಡ ಪ್ರೀತಿಸುವ, ನಾಯಿ ಸಾಕದ ನೆಂಟರೊಬ್ಬರು ಇದ್ದೇ ಇರುತ್ತಾರೆ ಅಲ್ವಾ, ಅವರಿಗೆ ಕೊಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕುಂಡಕ್ಕೆ ಏನು ಗೊಬ್ಬರ ಹಾಕುತ್ತೀರಿ? ಎಲೆಗಿಂತ ನನಗೆ ಅದರದ್ದೇ ಚಿಂತೆ. ಹರಳು ಹಿಂಡಿ, ಉತ್ತರ ಕರ್ನಾಟಕದವರು ಔಡಲ ಹಿಂಡಿ ಎನ್ನುತ್ತಾರಲ್ಲ, ಅದರಲ್ಲಿ ರಿಸಿನ್ ಎಂಬ ವಿಷ ಉಳಿದಿರಬಹುದು. ಎಣ್ಣೆ ತೆಗೆದರೂ ರಿಸಿನ್ ಹಿಂಡಿಯಲ್ಲೇ ಉಳಿಯುತ್ತದೆ. ಚೆನ್ನಾಗಿ ಬಿಸಿ ಮಾಡಿದ್ದರೆ ಮಾತ್ರ ಅದರ ಶಕ್ತಿ ಕುಂದುತ್ತದೆ. ಚೀಲ ನೋಡಿ ಅದನ್ನು ತಿಳಿಯುವುದು ಹೇಗೆ? ಇದರ ಜೊತೆ ಎಲುಬಿನ ಪುಡಿ ಬೆರೆಸಿದರಂತೂ ನಾಯಿಗೆ ಹಬ್ಬ. ಮಣ್ಣು ಕೆದಕಿ ಕೆದಕಿ ತಿನ್ನುತ್ತದೆ. ಮನಿಪ್ಲಾಂಟ್‌ನಂತೆ ಇಲ್ಲಿ ಬಾಯಿ ಉರಿದು ಎಚ್ಚರಿಸುವುದಿಲ್ಲ. ಗಂಟೆಗಟ್ಟಲೆ ಕಳೆದ ಮೇಲೆ ವಾಂತಿ, ರಕ್ತಭೇದಿ ಶುರುವಾಗುತ್ತದೆ. ಹಾಗಾಗಿ ಇದನ್ನು ತಿಂದದ್ದು ಕಂಡರೆ ಲಕ್ಷಣಕ್ಕಾಗಿ ಕಾಯದೆ ಹೊರಡಿ. ಮನೆಗೆ ಎರೆಗೊಬ್ಬರ ಸಾಕು.

ಮಣ್ಣು ಕೆದಕದಂತೆ ಕುಂಡದ ಮೇಲೆ ಬಿಳಿ ಬೆಣಚುಕಲ್ಲು ಹರಡುವವರಿದ್ದಾರೆ. ಮರಿಗಳು ಅದನ್ನೂ ನುಂಗುತ್ತವೆ. ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಬಾಯಲ್ಲಿ ಹಿಡಿಯದಷ್ಟು ದೊಡ್ಡ ಕಲ್ಲು ಇಡಿ. ಮನಿಪ್ಲಾಂಟ್ ಬಳ್ಳಿಯನ್ನು ಮೇಲಕ್ಕೆ ಕಟ್ಟಿ, ಜೋತುಬೀಳುವ ತುದಿ ಕತ್ತರಿಸಿ, ಉದುರಿದ ಎಲೆ ಗುಡಿಸಿ. ಆರೇಳು ತಿಂಗಳಿಗೆ ಹೊಸ ಹಲ್ಲು ಬಂದು ಮುಗಿಯುತ್ತದೆ, ಕಚ್ಚುವ ಹುಚ್ಚೂ ತಗ್ಗುತ್ತದೆ. ಅಲ್ಲಿಯವರೆಗೆ ಕಚ್ಚಲು ರಬ್ಬರ್ ಆಟಿಕೆ ಕೊಡಿ. ಒಂದು ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು, ನಿಮ್ಮ ಕಣ್ಣೆದುರೇ ಕಚ್ಚಿಸಿದರೂ ಒಸಡಿಗೆ ಹಿತ.

ಪ್ರಶ್ನೆ: ನಾಯಿ ಇರುವ ಮನೆಗೆ ಯಾವ ಗಿಡ ತರಬಹುದು?
– ಇನ್ನೊಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್, ಕಲಾಥಿಯಾ, ಅರೆಕಾ ಪಾಮ್ ತನ್ನಿ. ಜಾಸ್ತಿ ತಿಂದರೆ ಹೊಟ್ಟೆ ಸ್ವಲ್ಪ ಕೆಡಬಹುದು, ಅಷ್ಟೇ. ಆದರೆ ನರ್ಸರಿಯಲ್ಲಿ ಸುಮ್ನೆ ‘ಪಾಮ್ ಕೊಡಿ’ ಎನ್ನಬೇಡಿ. ಸಾಗೋ ಪಾಮ್ ಎಂದು ಮಾರುವುದು ಸೈಕಸ್, ಅದು ಪಾಮ್ ಜಾತಿಯೇ ಅಲ್ಲ. ಅದರ ಎಲ್ಲ ಭಾಗವೂ ವಿಷ. ಬೀಜವಂತೂ ಒಂದೆರಡು ತಿಂದರೂ ಯಕೃತ್ತು ಕೆಟ್ಟು ನಾಯಿ ಸಾಯಬಹುದು. ಹೆಸರು ಹೇಳಿ, ಗಿಡ ನೋಡಿ ತನ್ನಿ. ಗಟ್ಟಿ ಗರಿಗಳು ಮುಳ್ಳಿನಂತೆ ಚುಚ್ಚಿದರೆ ಅಲ್ಲೇ ಬಿಟ್ಟು ಬನ್ನಿ.