ಅಪ್‌ಗ್ರೇಡ್ ಮಧ್ಯೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಬಗ್ಗೆ ‘ವೈ’ ಒತ್ತಲಾ ‘ಎನ್’ ಒತ್ತಲಾ ಎಂಬ ಪ್ರಶ್ನೆಯಲ್ಲೇ ಟರ್ಮಿನಲ್ ನಿಂತಿದೆ, ಏನು ಮಾಡಬೇಕು? ಆ ಫೈಲಿನಲ್ಲಿ ಅಪ್‌ಲೋಡ್ ಸೈಜ್ ಮತ್ತು ವರ್ಕರ್ ಕನೆಕ್ಷನ್ಸ್ ಸಾಲುಗಳನ್ನು ಬದಲಿಸಿದ್ದೆ. ಯಾವಾಗಲೂ ಹಳೆ ಫೈಲನ್ನೇ ಉಳಿಸಿಕೊಳ್ಳುವುದು ಸೇಫ್ ಅಲ್ವಾ? ಸ್ಕ್ರಿಪ್ಟಿನಲ್ಲಿ ‘ಫೋರ್ಸ್ ಕಾನ್ಫ್‌ಓಲ್ಡ್’ (ಕೇಳದೆ ಹಳೆಯದನ್ನೇ ಇಡುವ ಆಯ್ಕೆ) ಹಾಕಿ ಮರೆತುಬಿಡುತ್ತೇನೆ.

ಅಯ್ಯೋ, ಈ ಪ್ರಶ್ನೆ ನೋಡಿ 2019 ನೆನಪಾಯಿತು. ನಾನು ಆಗ ಒಂದು ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನ್. ಅಡ್ಮಿನ್ ಅಂದರೆ ಪ್ರಿಂಟರ್‌ಗೆ ಟೋನರ್ ಹಾಕುವವನೂ ನಾನೇ, ಸರ್ವರ್ ನೋಡುವವನೂ ನಾನೇ.

ಲ್ಯಾಬಿನಲ್ಲಿ 64 ಕಂಪ್ಯೂಟರ್. ಮೂಲೆಯಲ್ಲೊಂದು ಡೆಬಿಯನ್ (ಒಂದು ಬಗೆಯ ಲಿನಕ್ಸ್) ಡಬ್ಬ, ಅದರಲ್ಲಿ ಡಿಎನ್ಎಸ್‌ಮಾಸ್ಕ್. ಯಾವ ಕಂಪ್ಯೂಟರ್‌ಗೆ ಯಾವ ಐಪಿ (ನೆಟ್‌ವರ್ಕ್ ವಿಳಾಸ) ಎಂದು ಹಂಚುವುದು ಅದರ ಕೆಲಸ. ಟೆಸ್ಟ್ ತೆಗೆದುಕೊಳ್ಳುವ ಸಾಫ್ಟ್‌ವೇರ್ ಐಪಿ ನೋಡಿಯೇ ಒಳಗೆ ಬಿಡುತ್ತಿತ್ತು. ಹಾಗಾಗಿ 64 ಮಷೀನಿನ ಮ್ಯಾಕ್ ಅಡ್ರೆಸ್ಸನ್ನೂ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಒಂದೊಂದು ಸಾಲಿನಂತೆ ಕೈಯಾರೆ ಟೈಪ್ ಮಾಡಿದ್ದೆ. ಎಲ್ಲಿ? ಪ್ಯಾಕೇಜ್ ಜೊತೆ ಬಂದ ಆ ಒಂದೇ ಡಿಎನ್ಎಸ್‌ಮಾಸ್ಕ್ ಕಾನ್ಫ್ ಫೈಲಿನೊಳಗೆ. ಪಕ್ಕದಲ್ಲೇ ಅದರ ಒಂದು ಕಾಪಿ, ಕೊನೆಗೆ ‘ಡಾಟ್ ಬ್ಯಾಕ್’ ಸೇರಿಸಿ. ಬ್ಯಾಕಪ್ ಇದೆ ಎಂದು ನೆಮ್ಮದಿಯಾಗಿದ್ದೆ.

ಒಂದು ಶನಿವಾರ ಮಧ್ಯಾಹ್ನ ಡೆಬಿಯನ್ 9ರಿಂದ 10ಕ್ಕೆ ಅಪ್‌ಗ್ರೇಡ್‌ಗೆ ಕೂತೆ. ಪ್ಯಾಕೇಜ್ ತರಿಸುವ ಆಪ್ಟ್ ಮೊದಲು ‘ಮುಂದುವರಿಯಲಾ?’ ಎಂದು ಕೇಳುತ್ತದೆ, ವೈ ಒತ್ತುತ್ತೇವೆ. ಸರ್ವಿಸ್ ರೀಸ್ಟಾರ್ಟ್ ಮಾಡಲಾ ಎನ್ನುತ್ತದೆ, ಅದಕ್ಕೂ ಹೂಂ ಅನ್ನುತ್ತೇವೆ. ಬೆರಳಿಗೆ ಅದೇ ರೂಢಿ. ಅಷ್ಟರಲ್ಲಿ ಡಿಪಿಕೆಜಿ, ಅಂದರೆ ಪ್ಯಾಕೇಜನ್ನು ನಿಜವಾಗಿ ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ, ಕಾನ್ಫ್ ಫೈಲ್ ಬಗ್ಗೆ ತನ್ನ ಪ್ರಶ್ನೆ ಕೇಳಿತು. ಅಲ್ಲಿ ವೈ ಅಂದರೆ ‘ಹೂಂ, ಮುಂದೆ ಹೋಗು’ ಅಲ್ಲ. ‘ನನ್ನ ಫೈಲ್ ತೆಗೆದು ನಿನ್ನ ಹೊಸ ಫೈಲ್ ಹಾಕು’ ಅಂತ. ಸುಮ್ನೆ ಎಂಟರ್ ಒತ್ತಿದ್ದರೂ ನನ್ನ ಫೈಲ್ ಉಳಿಯುತ್ತಿತ್ತು, ಡೀಫಾಲ್ಟ್ ಎನ್ ಎಂದು ಕೊನೆಯ ಸಾಲಿನಲ್ಲೇ ಬರೆದಿರುತ್ತದೆ. ನಾನು ವೈ ಒತ್ತಿದೆ. ಒಂದು ಕಂಪ್ಯೂಟರ್‌ನಲ್ಲಿ ನೆಟ್ ಬರುತ್ತಿದೆಯಾ ನೋಡಿದೆ, ಬರುತ್ತಿತ್ತು. ಮನೆಗೆ ಹೋದೆ.

ನೆಟ್ ಬಂದದ್ದು ಯಾಕೆ ಅಂದರೆ, ಆ ಕಂಪ್ಯೂಟರ್ ಹತ್ತಿರ ಹಳೆ ಐಪಿಯ ಲೀಸ್ (ಅದನ್ನು ಬಳಸುವ ಅವಧಿ) ಇನ್ನೂ ಬಾಕಿ ಇತ್ತು. ನಾನು 24 ಗಂಟೆಯ ಲೀಸ್ ಇಟ್ಟಿದ್ದೆ. ಭಾನುವಾರ ಎಲ್ಲ ಮುಗಿಯಿತು. ಸೋಮವಾರ ಒಂಬತ್ತಕ್ಕೆ ಅಟೆಂಡರ್ ಓಡಿ ಬಂದರು. "ಸಾರ್, ಒಂದಕ್ಕೂ ನೆಟ್ ಇಲ್ಲ. ಎಲ್ಲದರಲ್ಲೂ ಹಳದಿ ತ್ರಿಕೋನ ತೋರಿಸ್ತಿದೆ." ಹತ್ತು ಗಂಟೆಗೆ ಇಂಟರ್ನಲ್ ಟೆಸ್ಟ್. ಯಾವ ಮಷೀನ್ ನೋಡಿದರೂ 169.254ರಿಂದ ಶುರುವಾಗುವ ಐಪಿ, ಅಂದರೆ ಯಾರೂ ಕೊಡದೇ ಇದ್ದಾಗ ವಿಂಡೋಸ್ ತಾನೇ ಇಟ್ಟುಕೊಳ್ಳುವ ನಂಬರ್.

ಇಲ್ಲಿಯವರೆಗೆ ಏನೂ ಹೋಗಿರಲಿಲ್ಲ, ಇದನ್ನು ಗಮನಿಸಿ. ವೈ ಒತ್ತಿದರೂ ಡಿಪಿಕೆಜಿ ನನ್ನ ಫೈಲನ್ನು ಎಸೆದಿರಲಿಲ್ಲ. ಹೆಸರಿನ ಕೊನೆಗೆ ‘ಡಿಪಿಕೆಜಿ-ಓಲ್ಡ್’ ಸೇರಿಸಿ ಅಲ್ಲೇ ಪಕ್ಕದಲ್ಲಿ ಇಟ್ಟಿತ್ತು. ಒಂದು ಮೂವ್ ಕಮಾಂಡ್, ಒಂದು ರೀಸ್ಟಾರ್ಟ್, ಎರಡು ನಿಮಿಷದ ಕೆಲಸ. ನನಗೆ ಅದು ಗೊತ್ತಿರಲಿಲ್ಲ. ಸರ್ವಿಸ್ ನೋಡಿದರೆ ಓಡುತ್ತಿದೆ, ಎರರ್ ಇಲ್ಲ. (ಇರುವುದಾದರೂ ಹೇಗೆ? ಹೊಸ ಫೈಲಿನಲ್ಲಿ ಎಲ್ಲ ಸಾಲೂ ಕಾಮೆಂಟ್, ಅಂದರೆ ಪ್ರೋಗ್ರಾಂ ಲೆಕ್ಕಕ್ಕೆ ತೆಗೆದುಕೊಳ್ಳದ ಸಾಲು. ಐಪಿ ಹಂಚು ಎಂದು ಅದಕ್ಕೆ ಯಾರೂ ಹೇಳಿಯೇ ಇಲ್ಲ.) ಪ್ಯಾಕೇಜೇ ಕೆಟ್ಟಿದೆ ಅಂದುಕೊಂಡು ಕಿತ್ತು ಮತ್ತೆ ಹಾಕೋಣ ಎಂದೆ. ರಿಮೂವ್ ಅಂದಿದ್ದರೆ ಕಾನ್ಫಿಗ್ ಫೈಲ್‌ಗಳಿಗೆ ಏನೂ ಆಗುತ್ತಿರಲಿಲ್ಲ. ನಾನು ಹೊಡೆದದ್ದು ಆಪ್ಟ್ ಪರ್ಜ್.

ಪರ್ಜ್ ಕಾನ್ಫಿಗ್ ಫೈಲನ್ನು ಅಳಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಆ ಫೈಲಿನ ಹೆಸರಿಗೆ ಡಿಪಿಕೆಜಿ-ಓಲ್ಡ್, ಡಿಪಿಕೆಜಿ-ಡಿಸ್ಟ್, ಟಿಲ್ಡೆ ಚಿಹ್ನೆ (~), ಕೊನೆಗೆ ‘ಡಾಟ್ ಬ್ಯಾಕ್’ ಅಂಟಿಕೊಂಡಿದ್ದರೂ ಅದನ್ನೂ ಗುಡಿಸಿ ಹಾಕುತ್ತದೆ. ಡಿಪಿಕೆಜಿಯ ಕೋಡಿನೊಳಗೇ ಈ ಪಟ್ಟಿ ಇದೆ, ಆಮೇಲೆ ನೋಡಿದೆ. ಕಾನ್ಫಿಗ್ ಫೈಲ್‌ಗಳಿರುವ ಇಟಿಸಿ ಡೈರೆಕ್ಟರಿಯಲ್ಲಿ ಪಟ್ಟಿ ತೆಗೆದು ನೋಡುತ್ತೇನೆ, ಡಿಎನ್ಎಸ್‌ಮಾಸ್ಕ್ ಹೆಸರಿನ ಒಂದೇ ಒಂದು ಫೈಲ್ ಇಲ್ಲ. ನಾನು ಮಾಡಿಟ್ಟ ಕಾಪಿಯೂ ಇಲ್ಲ. ಮತ್ತೆ ಪಟ್ಟಿ ತೆಗೆದೆ. ಕಣ್ಣು ತಪ್ಪಿರಬೇಕು ಎಂದು ಮೂರನೇ ಸಲವೂ ತೆಗೆದೆ. ಹೆಸರನ್ನು ‘ಡಾಟ್ ಹಳೇದು’ ಎಂದಿಟ್ಟಿದ್ದರೂ ಉಳಿಯುತ್ತಿತ್ತು! ಜಾಣನ ಹಾಗೆ ಎಲ್ಲರೂ ಇಡುವ ಹೆಸರನ್ನೇ ಇಟ್ಟಿದ್ದೆ.

ಟೆಸ್ಟ್ ಮುಂದಕ್ಕೆ ಹೋಯಿತು. ಅಟೆಂಡರ್ ಒಂದೊಂದೇ ಕಂಪ್ಯೂಟರ್ ಮುಂದೆ ಕೂತು ಮ್ಯಾಕ್ ಅಡ್ರೆಸ್ ಓದುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಒಂದಕ್ಕೆ ಹನ್ನೆರಡು ಅಕ್ಷರ. 8 ಎಲ್ಲಿ, ಬಿ ಎಲ್ಲಿ ಎಂದು ನನ್ನ ಬರಹ ನನಗೇ ತಿಳಿಯದೆ ಏಳೆಂಟು ಮಷೀನಿಗೆ ಮತ್ತೆ ಹೋಗಬೇಕಾಯಿತು. ಎಲ್ಲ ಮುಗಿದಾಗ ಸಂಜೆ. ಸರ್ವರ್ ತನ್ನ ದಿನಚರಿ ಬರೆದಿಡುವ ಸಿಸ್‌ಲಾಗ್‌ನಲ್ಲಿ ಹಳೆಯ ದಿನಗಳ ಐಪಿ, ಮ್ಯಾಕ್, ಮಷೀನಿನ ಹೆಸರು ಮೂರೂ ಸಾಲುಸಾಲಾಗಿ ಬಿದ್ದಿದ್ದವು ಎಂದು ಹೊಳೆದದ್ದು ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ.

ಈಗ ನಿಮ್ಮ ಪ್ರಶ್ನೆ. ವೈ ಒಳ್ಳೆಯದಾ ಎನ್ ಒಳ್ಳೆಯದಾ ಎಂದು ಕೇಳಿದ್ದೀರಿ. ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಅನ್ನುತ್ತೇನೆ. ಆ ಪ್ರಶ್ನೆ ಹುಟ್ಟುವುದು ಹೇಗೆ ನೋಡಿ. ಕಳೆದ ಸಲ ತಾನು ಕೊಟ್ಟ ಫೈಲಿನ ಎಂಡಿ5 ಮೊತ್ತವನ್ನು (ಫೈಲಿನ ಬೆರಳಚ್ಚು ಇದ್ದಂತೆ) ಡಿಪಿಕೆಜಿ ಬರೆದಿಟ್ಟುಕೊಂಡಿರುತ್ತದೆ. ನೀವು ಫೈಲ್ ಮುಟ್ಟಿಲ್ಲ ಅಂದರೆ ಸದ್ದಿಲ್ಲದೆ ಹೊಸದನ್ನು ಹಾಕುತ್ತದೆ. ನೀವು ಮುಟ್ಟಿದ್ದೀರಿ, ಪ್ಯಾಕೇಜ್‌ನವರು ಬದಲಿಸಿಲ್ಲ ಅಂದರೆ ನಿಮ್ಮದನ್ನೇ ಬಿಡುತ್ತದೆ, ಆಗಲೂ ಕೇಳುವುದಿಲ್ಲ. ಇಬ್ಬರೂ ಬದಲಿಸಿದ್ದರೆ ಮಾತ್ರ ಕೇಳುತ್ತದೆ. ಅಂದರೆ ಜಗಳ ಶುರುವಾದದ್ದು ನೀವು ಅವರ ಫೈಲಿಗೆ ಕೈ ಹಾಕಿದ ದಿನ.

ಹಾಗಾಗಿ ಅವರ ಫೈಲಿಗೆ ಕೈ ಹಾಕಬೇಡಿ. ಡಿಎನ್ಎಸ್‌ಮಾಸ್ಕ್‌ಗೆ ಡೆಬಿಯನ್‌ನಲ್ಲಿ ‘ಡಿಎನ್ಎಸ್‌ಮಾಸ್ಕ್ ಡಾಟ್ ಡಿ’ ಎಂಬ ಬೇರೆ ಡೈರೆಕ್ಟರಿಯೇ ಇದೆ, ಅದರಲ್ಲಿ ನನ್ನದೇ ಒಂದು ಫೈಲ್ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನೀವು ಹೇಳಿದ ಎಂಜಿನ್‌ಎಕ್ಸ್‌ಗೂ ‘ಕಾನ್ಫ್ ಡಾಟ್ ಡಿ’ ಇದೆ. ಅಪ್‌ಲೋಡ್ ಸೈಜ್ ಜಾಸ್ತಿ ಮಾಡಿದ ಸಾಲನ್ನು ಮುಖ್ಯ ಫೈಲಿನಿಂದ ತೆಗೆದು ಅಲ್ಲಿಡಿ. ವರ್ಕರ್ ಕನೆಕ್ಷನ್ಸ್ ಸಾಲನ್ನು ಮಾತ್ರ ಅಲ್ಲಿಡಲು ಆಗುವುದಿಲ್ಲ, ಅದು ಈವೆಂಟ್ಸ್ ಬ್ಲಾಕಿನೊಳಗೇ ಇರಬೇಕು. ಅದನ್ನು ನಿಜವಾಗಿ ಬದಲಿಸಲೇಬೇಕಾ ಎಂದು ಒಮ್ಮೆ ಯೋಚಿಸಿ.

ಸ್ಕ್ರಿಪ್ಟಿನಲ್ಲಿ ‘ಫೋರ್ಸ್ ಕಾನ್ಫ್‌ಓಲ್ಡ್’ ಹಾಕಿ ಮರೆತುಬಿಡುತ್ತೇನೆ ಅನ್ನುತ್ತೀರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಡೆಬಿಯನ್ 13ರಲ್ಲಿ ಡವ್‌ಕಾಟ್ 2.4 ಬಂತು. 2.3ರ ಕಾನ್ಫಿಗ್ ಅದಕ್ಕೆ ಹೊಂದುವುದೇ ಇಲ್ಲ. ಅಲ್ಲಿ ಹಳೆಯದನ್ನೇ ಹಿಡಿದುಕೊಂಡು ಕೂತರೆ ಮೇಲ್ ಸರ್ವರ್ ಏಳುವುದಿಲ್ಲ. ರೆಡ್ ಹ್ಯಾಟ್ (ಇನ್ನೊಂದು ಬಗೆಯ ಲಿನಕ್ಸ್) ಕಡೆಯವರು ಪ್ರಶ್ನೆಯನ್ನೇ ಕೇಳದೆ ಪಕ್ಕದಲ್ಲಿ ಆರ್‌ಪಿಎಂನ್ಯೂ ಅಥವಾ ಆರ್‌ಪಿಎಂಸೇವ್ ಎಂಬ ಫೈಲ್ ಬಿಟ್ಟು ಹೋಗುತ್ತಾರೆ. ಅದನ್ನು ಯಾರೂ ತೆರೆದು ನೋಡುವುದಿಲ್ಲ, ಅದು ಇನ್ನೊಂದು ರಾಮಾಯಣ.

ಇಟಿಸಿಕೀಪರ್ ಹಾಕಿಕೊಳ್ಳಿ. ಆಪ್ಟ್ ಓಡುವ ಮೊದಲೂ ಆಮೇಲೂ ಇಡೀ ಇಟಿಸಿಯನ್ನು ಗಿಟ್‌ಗೆ (ಫೈಲುಗಳ ಹಳೆಯ ರೂಪಗಳನ್ನೂ ಉಳಿಸಿಡುವ ಸಾಫ್ಟ್‌ವೇರ್) ಕಮಿಟ್ ಮಾಡುತ್ತದೆ. ಪಾಸ್‌ವರ್ಡ್ ಹ್ಯಾಶ್‌ಗಳೂ ಅದರೊಳಗೇ ಇರುತ್ತವೆ, ಹೊರಗಿನ ರೆಪೊಗೆ ತಳ್ಳಬೇಡಿ.

ನಿಮ್ಮ ಟರ್ಮಿನಲ್ ಇನ್ನೂ ಆ ಪ್ರಶ್ನೆಯಲ್ಲೇ ನಿಂತಿದೆ ಎಂದು ಬರೆದಿದ್ದೀರಿ. ನಿಂತಿರಲಿ, ಅದಕ್ಕೇನೂ ಅವಸರವಿಲ್ಲ. ಝಡ್ ಒತ್ತಿ, ಶೆಲ್ ತೆರೆಯುತ್ತದೆ. ಎಂಜಿನ್‌ಎಕ್ಸ್ ಕಾನ್ಫ್ ಫೈಲನ್ನು ನಿಮ್ಮ ಹೋಮ್ ಡೈರೆಕ್ಟರಿಗೆ ಕಾಪಿ ಮಾಡಿ, ಎಕ್ಸಿಟ್ ಕೊಡಿ, ಪ್ರಶ್ನೆ ಮತ್ತೆ ಬರುತ್ತದೆ. ಡಿ ಒತ್ತಿ ಏನೇನು ಬೇರೆ ಇದೆ ನೋಡಿ. ಆಮೇಲೆ ಎನ್. ಹೊಸ ಫೈಲ್ ಡಿಪಿಕೆಜಿ-ಡಿಸ್ಟ್ ಎಂಬ ಹೆಸರಿನಲ್ಲಿ ಪಕ್ಕದಲ್ಲಿ ಸಿಗುತ್ತದೆ, ಎರಡನ್ನೂ ಇವತ್ತೇ ಕೂತು ಹೋಲಿಸಿ. ರೀಸ್ಟಾರ್ಟ್ ಮಾಡುವ ಮೊದಲು ಎಂಜಿನ್‌ಎಕ್ಸ್ ಮೈನಸ್ ಟಿ (ಕಾನ್ಫಿಗ್ ಸರಿಯಿದೆಯಾ ನೋಡುವ ಕಮಾಂಡ್) ಓಡಿಸಿ, ಅದು ಏನಾದರೂ ಗೊಣಗಿದರೆ ಆ ಸಾಲನ್ನು ಇಲ್ಲಿ ಹಾಕಿ, ನೋಡುತ್ತೇನೆ.