ಎರಡು ಹಸು, ಆರು ಕುರಿ, ಒಂದು ಹಂದಿ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಸಿಪಾಯಿಗಳ ಮುಪ್ಪಿನ ದಿನಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಜೋಸೆಫ್ ಪ್ಲಂಬ್ ಮಾರ್ಟಿನ್ ಎಂಬ ಮಾಜಿ ಸೈನಿಕರು ಪಿಂಚಣಿಗಾಗಿ ತಮ್ಮ ಮನೆಯ ದನಕುರಿಗಳ ಲೆಕ್ಕವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕಾಗಿ ಬಂದದ್ದನ್ನು ಲೇಖಕರು ಅವಮಾನವೆಂದು ಕರೆದದ್ದು ತಮಗೆ ಸರಿಕಂಡಿಲ್ಲ. ಖಜಾನೆಯ ಹಣ ಜನರ ಹಣ, ಕೊಡುವ ಮುನ್ನ ಪಡೆಯುವವರಿಗೆ ನಿಜವಾಗಿಯೂ ಕೊರತೆಯಿದೆಯೇ ಎಂದು ನೋಡುವುದು ಸರ್ಕಾರದ ಕರ್ತವ್ಯ, ನಮ್ಮಲ್ಲಿಯೂ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸುವುದಿಲ್ಲವೇ ಎಂಬುದು ತಮ್ಮ ವಾದ. ಸೇನಾ ದಾಖಲೆಗಳು ಸುಟ್ಟುಹೋಗಿದ್ದರೆ ಆ ಮುದುಕರು ತಮ್ಮ ಸೇವೆಯನ್ನು ರುಜುವಾತುಪಡಿಸಿದ್ದು ಹೇಗೆ, ಆ ಅರ್ಜಿಗಳು ಈಗ ಎಲ್ಲಿವೆ ಎಂದೂ ಕೇಳಿದ್ದೀರಿ.

ತಮ್ಮ ವಾದವನ್ನು ನಾನು ಒಪ್ಪಲಾರೆ. ಕಾರಣವನ್ನು ಮಾರ್ಟಿನ್ ಅವರ ಬದುಕಿನಿಂದಲೇ ಹೇಳುತ್ತೇನೆ.

1760ರಲ್ಲಿ ಹುಟ್ಟಿದ ಮಾರ್ಟಿನ್, 1776ರಲ್ಲಿ ಹದಿನಾರು ತುಂಬುವ ಮೊದಲೇ ಕನೆಕ್ಟಿಕಟ್‌ನಿಂದ ಆರು ತಿಂಗಳ ಮಟ್ಟಿಗೆ ಸೇನೆಗೆ ಸೇರಿದರು. ಮರುವರ್ಷ ಮತ್ತೆ ಸೇರಿ, ಈ ಬಾರಿ ಯುದ್ಧ ಮುಗಿಯುವವರೆಗೂ ಎಲ್ಲ ವಸಾಹತುಗಳ ಪರವಾಗಿ ಹೋರಾಡಿದ ಕಾಂಟಿನೆಂಟಲ್ ಸೇನೆಯಲ್ಲೇ ಉಳಿದರು. 1781ರ ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಕಂದಕ ತೋಡುವ, ಕೋಟೆಗೆ ದಾರಿ ಕಡಿಯುವ ಪಡೆಯಲ್ಲಿ ಅವರಿದ್ದರು. ಅಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್. ಹನ್ನೊಂದು ವರ್ಷಗಳ ನಂತರ, 1792ರಲ್ಲಿ, ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಬರೆಸಿಕೊಂಡವರೂ ಅವರೇ.

ಇಷ್ಟು ವರ್ಷಗಳ ಸೇವೆಗೆ ಸಂಬಳವೆಷ್ಟು ಬಂತು? ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ ಅಚ್ಚುಹಾಕಿಸಿದ ಕಾಗದದ ನೋಟುಗಳು ಬೆಲೆ ಕಳೆದುಕೊಂಡು ಯಾರಿಗೂ ಬೇಡವಾಗಿದ್ದವು. 1776ರ ನಂತರ ಸಂಬಳವೆಂದು ತಮ್ಮ ಕೈಗೆ ಬಂದ ನಿಜವಾದ ಹಣವೆಂದರೆ ಯಾರ್ಕ್‌ಟೌನ್‌ಗೆ ಹೋಗುವ ದಾರಿಯಲ್ಲಿ ಸಿಕ್ಕ ಒಂದು ತಿಂಗಳ ವೇತನ ಮಾತ್ರ, ಅದೂ ಫ್ರೆಂಚರಿಂದ ಸಾಲ ತಂದದ್ದು ಎಂದು ಮಾರ್ಟಿನ್ 1830ರಲ್ಲಿ ಅಚ್ಚಾದ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. 1783ರಲ್ಲಿ ಸೇನೆಯನ್ನು ವಿಸರ್ಜಿಸಿದಾಗ ಸಿಪಾಯಿಗಳಿಗೆ ಬಾಕಿ ಸಂಬಳದ ಬದಲು ಕೊಟ್ಟದ್ದು ಮುಂದೆಂದೋ ಹಣವಾಗಬಹುದಾದ ಪತ್ರಗಳನ್ನು. ಊರಿಗೆ ಮರಳುವಾಗ ಮೈಮೇಲೆ ಮರ್ಯಾದೆಯ ಬಟ್ಟೆಯಿರಲೆಂದು ಮಾರ್ಟಿನ್ ಅವುಗಳಲ್ಲಿ ಕೆಲವನ್ನು ಮಾರಿಬಿಟ್ಟರು. ಅಧಿಕಾರಿಗಳ ಕಥೆ ಬೇರೆ. ಜೀವನಪರ್ಯಂತ ಅರ್ಧ ಸಂಬಳದ ಭರವಸೆಯನ್ನು ಅವರು 1780ರಲ್ಲಿಯೇ ಪಡೆದಿದ್ದರು. ನ್ಯೂಬರ್ಗ್ ಪಾಳೆಯದಲ್ಲಿ ಅವರು ಗಟ್ಟಿಯಾಗಿ ದನಿಯೆತ್ತಿದ ಮೇಲೆ, 1783ರಲ್ಲಿ, ಅದನ್ನು ಐದು ವರ್ಷಗಳ ಪೂರ್ಣ ಸಂಬಳವಾಗಿ ಮಾರ್ಪಡಿಸಲಾಯಿತು. ಸಾಮಾನ್ಯ ಸಿಪಾಯಿಗೆ, ಅವನು ಅಂಗವಿಕಲನಾಗಿರದಿದ್ದರೆ, ಅಂಥ ಯಾವ ಏರ್ಪಾಡೂ ಇರಲಿಲ್ಲ.

ಮುಂದೆ ಮಾರ್ಟಿನ್ ಮೇಯ್ನ್ ಪ್ರದೇಶದ ಕಾಡಂಚಿನಲ್ಲಿ ನೆಲ ಹಸನು ಮಾಡಿ ಸಂಸಾರ ಹೂಡಿದರು. ಆದರೆ ಆ ಸೀಮೆಯ ಲಕ್ಷಾಂತರ ಎಕರೆ ತನ್ನದೆಂದು ಹಕ್ಕು ಸಾಧಿಸಿದವರು ಅದೇ ಯುದ್ಧದಲ್ಲಿ ಫಿರಂಗಿ ದಳದ ಮುಖ್ಯಸ್ಥರಾಗಿದ್ದು, ನಂತರ ಯುದ್ಧ ಖಾತೆಯ ಕಾರ್ಯದರ್ಶಿಯಾದ ಹೆನ್ರಿ ನಾಕ್ಸ್. ಉತ್ತ ಹೊಲ ಹಂತಹಂತವಾಗಿ ಮಾರ್ಟಿನ್ ಅವರ ಕೈತಪ್ಪಿತು. ಸೇನಾಪತಿಯೂ ಸಿಪಾಯಿಯೂ ಒಂದೇ ಗೆಲುವಿನಿಂದ ಪಡೆದದ್ದೇನು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನನಗೆ ತಿಳಿದಿಲ್ಲ.

ಅಧ್ಯಕ್ಷ ಜೇಮ್ಸ್ ಮನ್ರೋ ಅವರ ಸೂಚನೆಯಂತೆ 1818ರ ಮಾರ್ಚ್ 18ರಂದು ಬಂದ ಕಾಯಿದೆ, ಕಾಂಟಿನೆಂಟಲ್ ಸೇನೆಯಲ್ಲಿ ಕನಿಷ್ಠ ಒಂಬತ್ತು ತಿಂಗಳು ಅಥವಾ ಯುದ್ಧದ ಕೊನೆಯವರೆಗೆ ದುಡಿದು, ಈಗ ದೇಶದ ನೆರವಿಲ್ಲದೆ ಬದುಕಲಾರದ ಸ್ಥಿತಿಗೆ ಬಂದವರಿಗೆ ಪಿಂಚಣಿ ಗೊತ್ತುಮಾಡಿತು. ಸಿಪಾಯಿಗೆ ತಿಂಗಳಿಗೆ 8 ಡಾಲರ್, ಅಧಿಕಾರಿಗೆ 20. ಅರ್ಜಿಗಳು ಎಣಿಕೆ ಮೀರಿ ಬಂದವು. ಉಳ್ಳವರೂ ಪಿಂಚಣಿ ಪಡೆಯುತ್ತಿದ್ದಾರೆಂಬ ದೂರು ಎದ್ದಿತು. 1819ರ ಆರ್ಥಿಕ ಕುಸಿತದಿಂದ ಖಜಾನೆಯೂ ಬಡವಾಯಿತು. ಹಾಗಾಗಿ 1820ರ ಮೇ 1ರ ಕಾಯಿದೆ, ಪ್ರತಿಯೊಬ್ಬ ಪಿಂಚಣಿದಾರನೂ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ತನ್ನ ಸಮಸ್ತ ಆಸ್ತಿ ಮತ್ತು ಆದಾಯದ ಪಟ್ಟಿಯನ್ನು ಕೊಡಬೇಕೆಂದೂ, ಪಿಂಚಣಿಯ ಆಸೆಗಾಗಿ ಆಸ್ತಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಲ್ಲವೆಂದು ಆಣೆಯಿಡಬೇಕೆಂದೂ ವಿಧಿಸಿತು.

ಆ ವರ್ಷ ಮಾರ್ಟಿನ್ ಕೊಟ್ಟ ಹೇಳಿಕೆ ಇಂದಿಗೂ ಉಳಿದಿದೆ. ಹಾಸಿಗೆ ಮತ್ತು ಉಡುವ ಬಟ್ಟೆಯನ್ನು ಬಿಟ್ಟರೆ ಅವರ ಬಳಿ ಇದ್ದದ್ದು ಎರಡು ಹಸು, ಆರು ಕುರಿ, ಒಂದು ಹಂದಿ. ಭೂಮಿಯಿಲ್ಲ, ಆದಾಯವಿಲ್ಲ. ಕಸುಬು ಕೂಲಿ, ಆದರೆ ವಯಸ್ಸು ಮತ್ತು ನಿಶ್ಶಕ್ತಿಯಿಂದ ದುಡಿಯಲಾಗದು. ಹೆಂಡತಿ ಕೀಲುನೋವಿನಿಂದ ನರಳುವ ರೋಗಿ. ಪಿಂಚಣಿಯಿಲ್ಲದೆ ತನ್ನನ್ನೂ ಸಂಸಾರವನ್ನೂ ಸಾಕಲಾರೆ ಎಂದು ಅವರು ಹೇಳಿಕೊಂಡರು. ಇದನ್ನು ಹೇಳಬೇಕಾದದ್ದು ಅಪರಿಚಿತರ ಮುಂದಲ್ಲ, ದಿನವೂ ಮುಖ ನೋಡುವ ನೆರೆಹೊರೆಯವರ ನಡುವೆ, ಬಹಿರಂಗ ನ್ಯಾಯಾಲಯದಲ್ಲಿ. ಮಾರ್ಟಿನ್ ಅವರ ಪಿಂಚಣಿ, ವರ್ಷಕ್ಕೆ 96 ಡಾಲರ್, ಉಳಿಯಿತು. ಆದರೆ ಸಾವಿರಾರು ಮಂದಿಯ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಅವರಲ್ಲಿ ಕೆಲವರನ್ನಾದರೂ ಮತ್ತೆ ಸೇರಿಸಿಕೊಳ್ಳಲು 1823ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು.

ಈಗ ತಮ್ಮ ಹೋಲಿಕೆಗೆ ಬರುತ್ತೇನೆ. ಜೀವಂತ ಪ್ರಮಾಣಪತ್ರ ಕೇಳುವುದು ಪಿಂಚಣಿದಾರರು ಬದುಕಿದ್ದಾರೆಯೇ ಎಂಬುದನ್ನು ಮಾತ್ರ. ಅವರ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳಿವೆ ಎಂದು ಅದು ಕೇಳುವುದಿಲ್ಲ. ಪಿಂಚಣಿ ಸರ್ಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟ್ 1982ರ ಡಿ. ಎಸ್. ನಕಾರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬಡವರಿಗೆ ನೆರವು ಕೊಡುವಾಗ ಬಡತನವನ್ನು ವಿಚಾರಿಸುವುದು ಸರಿಯೇ ಇರಬಹುದು. ಸಾಲ ತೀರಿಸುವಾಗ ಸಾಲ ಕೊಟ್ಟವನ ಬಡತನವನ್ನು ವಿಚಾರಿಸುವ ಹಕ್ಕು ಸಾಲಗಾರನಿಗಿಲ್ಲ, ಮತ್ತು ಇಲ್ಲಿ ಸಾಲಗಾರನಾಗಿದ್ದದ್ದು ದೇಶ. ಸಿಪಾಯಿಗಳಿಗೆ ಕೊಡುವ ಪಿಂಚಣಿ ದಂಡವೆಂದು ಗೊಣಗುವವರು ಆಗಲೂ ಇದ್ದರು. ಕೊನೆಯ ಹನಿ ಸೇವೆಯನ್ನೂ ಹಿಂಡಿಕೊಂಡ ಮೇಲೆ ದೇಶ ತಮ್ಮನ್ನು ಮುದಿ ಕುದುರೆಗಳಂತೆ ಹೊರಗಟ್ಟಿತು, ಮೇಯಲು ಕೊಡುತ್ತೇವೆಂದ ನೆಲದ ಮಾತನ್ನೇ ಎತ್ತಲಿಲ್ಲ ಎಂದು ಮಾರ್ಟಿನ್ ಬರೆದರು. 1832ರ ಜೂನ್ 7ರ ಕಾಯಿದೆಯಲ್ಲಿ ಕಾಂಗ್ರೆಸ್ ಕೂಡ ಬಡತನದ ಷರತ್ತನ್ನು ಕೈಬಿಟ್ಟು, ಎರಡು ವರ್ಷ ಸೇವೆ ಸಲ್ಲಿಸಿದವರಿಗೆ ಪೂರ್ಣ ವೇತನ ಕೊಟ್ಟಿತು, ಆರು ತಿಂಗಳಿಗೆ ಮೇಲ್ಪಟ್ಟವರಿಗೆ ಸೇವೆಯ ಪ್ರಮಾಣದಲ್ಲಿ ಕೊಟ್ಟಿತು, ಮಿಲಿಷಿಯಾ ಎಂಬ ಸ್ಥಳೀಯ ನಾಗರಿಕ ಪಡೆಗಳವರನ್ನೂ ಸೇರಿಸಿಕೊಂಡಿತು. ಯುದ್ಧ ಮುಗಿದು ಆಗ ನಲವತ್ತೊಂಬತ್ತು ವರ್ಷಗಳಾಗಿದ್ದವು.

ಸಾಕ್ಷ್ಯದ ಪ್ರಶ್ನೆ ತಾವು ಊಹಿಸಿದಂತೆ ತೊಡಕಿನದೇ ಆಗಿತ್ತು. ಯುದ್ಧ ಇಲಾಖೆಯ ಕಚೇರಿ 1800ರ ನವೆಂಬರ್‌ನಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಹೀಗಾಗಿ ಅರ್ಜಿದಾರನ ನೆನಪೇ ಮುಖ್ಯ ದಾಖಲೆಯಾಯಿತು. 1832ರ ನಂತರ ನ್ಯಾಯಾಲಯಗಳು ಕೇಳಬೇಕಾದ ಪ್ರಶ್ನೆಗಳನ್ನೂ ನಿಗದಿಪಡಿಸಲಾಯಿತು: ಎಲ್ಲಿ, ಯಾವ ವರ್ಷ ಹುಟ್ಟಿದ್ದು, ಸೇನೆಗೆ ತಾನಾಗಿ ಹೋದದ್ದೋ, ಕರೆಸಿಕೊಂಡದ್ದೋ, ಇನ್ನೊಬ್ಬರ ಬದಲಿಗೆ ಹೋದದ್ದೋ, ಮೇಲಧಿಕಾರಿಗಳು ಯಾರು, ಬಿಡುಗಡೆ ಪತ್ರ ಸಿಕ್ಕಿತ್ತೇ, ಊರಿನಲ್ಲಿ ಇದನ್ನು ಬಲ್ಲವರು ಯಾರಿದ್ದಾರೆ. ಎಂಬತ್ತರ ಮುದುಕನು ಹೇಳಿದ್ದನ್ನು ಗುಮಾಸ್ತ ಬರೆದುಕೊಳ್ಳುತ್ತಿದ್ದ, ಜೊತೆಗಾರ ಯಾರಾದರೂ ಬದುಕಿದ್ದರೆ ಬಂದು ಸಾಕ್ಷಿ ನುಡಿಯುತ್ತಿದ್ದ. 1836ರಿಂದ ವಿಧವೆಯರಿಗೂ ಪಿಂಚಣಿ ವಿಸ್ತರಿಸಿದಾಗ, ಮದುವೆಯ ತಾರೀಖನ್ನು ತೋರಿಸಲು ಎಷ್ಟೋ ಹೆಂಗಸರು ಮನೆಯ ಬೈಬಲ್ಲಿನಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಟ್ಟಿದ್ದ ಹಾಳೆಯನ್ನೇ ಹರಿದು ಕಳುಹಿಸಿದರು. ಆ ಹಾಳೆಗಳು ಕಡತಗಳಲ್ಲಿಯೇ ಉಳಿದಿವೆ.

ಸೇವೆ ಸಲ್ಲಿಸಿಯೂ ಪಿಂಚಣಿ ಸಿಗದ ಒಬ್ಬರ ಹೆಸರನ್ನು ಲೇಖನದಲ್ಲಿ ಸೇರಿಸಬೇಕಿತ್ತು ಎನಿಸುತ್ತದೆ: ಜೆಹು ಗ್ರಾಂಟ್. ರೋಡ್ ಐಲೆಂಡ್‌ನಲ್ಲಿ ಗುಲಾಮರಾಗಿದ್ದ ಅವರು, ಬ್ರಿಟಿಷರ ಪರವಾಗಿದ್ದ ಯಜಮಾನನಿಂದ ತಪ್ಪಿಸಿಕೊಂಡು 1777ರಲ್ಲಿ ಅಮೆರಿಕನ್ ಸೇನೆ ಸೇರಿದರು. ಸುಮಾರು ಹತ್ತು ತಿಂಗಳ ನಂತರ ಯಜಮಾನ ಬಂದು ಹಿಡಿದೊಯ್ದ. 1832ರಲ್ಲಿ ಅವರು ಸಲ್ಲಿಸಿದ ಅರ್ಜಿಯನ್ನು, ಓಡಿಬಂದ ಗುಲಾಮನಾಗಿದ್ದಾಗ ಮಾಡಿದ ಸೇವೆ ಕಾಯಿದೆಯ ವ್ಯಾಪ್ತಿಗೆ ಬರದೆಂದು ತಿರಸ್ಕರಿಸಲಾಯಿತು. ಕಣ್ಣು ಕಳೆದುಕೊಂಡಿದ್ದ ಅವರು 1836ರಲ್ಲಿ ಮತ್ತೊಮ್ಮೆ ಬರೆಸಿದರು. ಜನರೆಲ್ಲ ಸ್ವಾತಂತ್ರ್ಯಕ್ಕಾಗಿ ಎದ್ದು ನಿಂತದ್ದನ್ನು ಕಂಡು ತನಗೂ ಅದು ಇಷ್ಟವಾಯಿತು, ಹಾಗೆ ಇಷ್ಟಪಟ್ಟದ್ದು ಪಾಪವಾಗಿದ್ದರೆ ದೇವರು ಕ್ಷಮಿಸಲಿ ಎಂದು ಆ ಪತ್ರದಲ್ಲಿದೆ. ಅದಕ್ಕೂ ಪಿಂಚಣಿ ಸಿಗಲಿಲ್ಲ. ಬಡತನವಾಗಲಿ, ಖಜಾನೆಯ ಹಣ ಯಾರದ್ದೆಂಬುದಾಗಲಿ ಅಲ್ಲಿ ಅಡ್ಡಬಂದ ಪ್ರಶ್ನೆಯಾಗಿರಲಿಲ್ಲ.

ಈ ಯುದ್ಧಕ್ಕೆ ಸಂಬಂಧಿಸಿದ ಸುಮಾರು 80,000 ಕಡತಗಳು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದ ವಶದಲ್ಲಿದ್ದು, ಅವುಗಳ ಚಿತ್ರಪ್ರತಿಗಳನ್ನು ಅಂತರ್ಜಾಲದಲ್ಲಿ ನೋಡಬಹುದು. ಗುಮಾಸ್ತರ ಕೈಬರಹ ಮೊದಮೊದಲು ಕಷ್ಟವೆನಿಸುತ್ತದೆ. ನಾಲ್ಕಾರು ಪುಟ ಓದಿದ ಮೇಲೆ ಕಣ್ಣಿಗೆ ರೂಢಿಯಾಗುತ್ತದೆ.

ವಿಶ್ವಾಸಪೂರ್ವಕ,
ಸಂಪಾದಕ